ಶಿಲಾರೋಹಿಗಳ ‘ಬೀನರ್’ ಪದವನ್ನು ಬಿಟ್ಟರೆ ನಷ್ಟವೇನು?

ಸಂಪಾದಕರಿಗೆ,

ಮಾನ್ಯರೇ,

ಮಳೆಗಾಲ ಮುಗಿದು ಸಹ್ಯಾದ್ರಿಯ ಬಂಡೆಗಳು ಒಣಗತೊಡಗಿದಂತೆ ಮುಂಬಯಿ, ಠಾಣೆ, ಪುಣೆಗಳ ಶಿಲಾರೋಹಣ ತಂಡಗಳು ಹಗ್ಗ, ಹೆಲ್ಮೆಟ್‌ಗಳನ್ನು ಹೊರತೆಗೆದು ಪರೀಕ್ಷಿಸಲು ಆರಂಭಿಸುತ್ತವೆ. ದಸರಾ ಕಳೆದ ಮೇಲೆ ನಡೆಯಲಿರುವ ಒಂದು ತರಬೇತಿ ಶಿಬಿರಕ್ಕೆ ಈ ಸಲ ಡೊಂಬಿವಲಿ, ಮುಲುಂಡ್, ಠಾಣೆ ಕಡೆಯ ಕನ್ನಡ ಮನೆಗಳ ಮಕ್ಕಳೂ ಬರುತ್ತಿರುವುದರಿಂದ, ಸಲಕರಣೆಗಳ ಹೆಸರು, ಬಳಕೆ ಮತ್ತು ಎಚ್ಚರಿಕೆಗಳನ್ನು ಕನ್ನಡದಲ್ಲಿ ವಿವರಿಸುವ ಕಿರುಹೊತ್ತಗೆಯೊಂದನ್ನು ನಾವು ಕೆಲವರು ಸಿದ್ಧಪಡಿಸುತ್ತಿದ್ದೇವೆ. ಅದರ ಕರಡನ್ನು ಓದುತ್ತಿದ್ದಾಗ, ‘ಕ್ಯಾರಬಿನರ್’ ಎಂಬ ಕೊಂಡಿಯ ಹೆಸರನ್ನು ಮೊಟಕುಗೊಳಿಸಿದ ‘ಬೀನರ್’ ಎಂಬ ಒಂದು ಪದವನ್ನು ಉಳಿಸಬೇಕೇ, ಬಿಡಬೇಕೇ ಎಂಬ ಬಗ್ಗೆ ನಮ್ಮೊಳಗೆ ಭಿನ್ನಾಭಿಪ್ರಾಯ ಬಂದಿದೆ. ಅದು ಅಮೆರಿಕದ ಒಂದು ಜನಾಂಗ ನಿಂದನೆಯ ಪದದಂತೆಯೇ ಕೇಳಿಸುವುದರಿಂದ ಬಿಡಬೇಕೆಂಬುದು ನನ್ನ ನಿಲುವು. ಇದು ಬಂಡೆ ಹತ್ತುವವರಿಗಷ್ಟೇ ಸೇರಿದ ಸಣ್ಣ ಸಂಗತಿಯೆಂದು ಮೇಲ್ನೋಟಕ್ಕೆ ತೋರಬಹುದು. ಆದರೆ ಮನೆಯಲ್ಲೊಂದು, ರೈಲಿನಲ್ಲೊಂದು, ಕಚೇರಿಯಲ್ಲೊಂದು ಭಾಷೆಯಾಡುತ್ತ ಬದುಕುವ ಮುಂಬಯಿ ಕನ್ನಡಿಗರು ಈ ಪ್ರಶ್ನೆಯ ಬಗ್ಗೆ ಅನುಭವದಿಂದ ಮಾತನಾಡಬಲ್ಲವರೆಂದು ನಂಬಿ ತಮ್ಮ ಪತ್ರಿಕೆಯ ಮೂಲಕ ಓದುಗರ ಮುಂದಿಡುತ್ತಿದ್ದೇನೆ.

ಬಂಡೆ ಹತ್ತದವರಿಗಾಗಿ ಮೊದಲು ವಸ್ತುವಿನ ಪರಿಚಯ. ಕ್ಯಾರಬಿನರ್ ಎಂಬುದು ಲೋಹದ ಒಂದು ಕೊಂಡಿ. ಅದರ ಒಂದು ಬದಿಯಲ್ಲಿ ಸ್ಪ್ರಿಂಗ್ ಇರುವ ಗೇಟು ಇದ್ದು, ಒಳಕ್ಕೆ ಒತ್ತಿದರೆ ತೆರೆದುಕೊಳ್ಳುತ್ತದೆ, ಬಿಟ್ಟರೆ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಬಂಡೆಗೆ ಬಡಿದ ಬೋಲ್ಟಿಗೂ ಹಗ್ಗಕ್ಕೂ, ಹಗ್ಗಕ್ಕೂ ಆರೋಹಿಯ ಸೊಂಟದ ಹಾರ್ನೆಸ್‌ಗೂ ನಡುವೆ ನಿಲ್ಲುವುದು ಇದೇ. ಯುರೋಪಿನ ಮಾನದಂಡದಂತೆ ಗೇಟು ಮುಚ್ಚಿರುವಾಗ ಅದು ಉದ್ದಕ್ಕೆ ಕನಿಷ್ಠ 20 ಕಿಲೋನ್ಯೂಟನ್, ಅಂದರೆ ಸುಮಾರು ಎರಡು ಟನ್ ತೂಕದಷ್ಟು ಎಳೆತವನ್ನು ತಾಳಬೇಕು. ಗೇಟು ತೆರೆದಿರುವಾಗ ತಾಳಬೇಕಾದದ್ದು ಕೇವಲ 7 ಕಿಲೋನ್ಯೂಟನ್. ಎರಡರ ನಡುವಿನ ಈ ಅಂತರವೇ ಜೀವಕ್ಕೂ ಸಾವಿಗೂ ನಡುವಿನ ಅಂತರವಾಗಬಹುದಾದ್ದರಿಂದ, ಗೇಟು ಮುಚ್ಚಿದೆಯೇ ಎಂದು ಬೆರಳಿನಿಂದ ಒತ್ತಿ ನೋಡುವುದನ್ನು ಮಕ್ಕಳಿಗೆ ಮೊದಲ ದಿನವೇ ಕಲಿಸುತ್ತೇವೆ. ಹೆಸರು ಬಂದದ್ದು ಜರ್ಮನ್ ಭಾಷೆಯಿಂದ. ಕಾರ್ಬೈನ್ ಬಂದೂಕಿನ ಸೈನಿಕರು ತಮ್ಮ ಬಂದೂಕನ್ನು ಹೆಗಲಪಟ್ಟಿಗೆ ಸಿಕ್ಕಿಸಿಕೊಳ್ಳುತ್ತಿದ್ದ ಕೊಕ್ಕೆಗೆ ‘ಕರಾಬಿನರ್‌ಹಾಕೆನ್’ ಎನ್ನುತ್ತಿದ್ದರು. ಅದನ್ನು 1910ರ ಸುಮಾರಿಗೆ ಶಿಲಾರೋಹಣಕ್ಕೆ ತಂದ ಹಿರಿಮೆಯನ್ನು ಮ್ಯೂನಿಕ್‌ನ ಓಟೋ ಹೆರ್ಜೋಗ್ ಅವರಿಗೆ ಕೊಡುತ್ತಾರೆ. ಇಂಗ್ಲಿಷಿಗೆ ಬಂದ ಮೇಲೆ ಬ್ರಿಟನ್ನಿನವರು ಪದದ ಮೊದಲ ತುಂಡನ್ನು ಉಳಿಸಿಕೊಂಡು ‘ಕ್ರ್ಯಾಬ್’ ಎಂದರು, ಅಮೆರಿಕದವರು ಕೊನೆಯ ತುಂಡನ್ನು ಉಳಿಸಿಕೊಂಡು ‘ಬೀನರ್’ ಎಂದರು. ಅಮೆರಿಕದ ವಿಡಿಯೊಗಳನ್ನು ನೋಡಿ ಬೆಳೆದ ನಮ್ಮ ಹುಡುಗರ ಬಾಯಲ್ಲಿ ನಿಂತದ್ದು ಎರಡನೆಯದು.

ಇದೇ ಉಚ್ಚಾರದ ಮತ್ತೊಂದು ಪದ ಅಮೆರಿಕದಲ್ಲಿದೆ. ಅದು ಮೆಕ್ಸಿಕೋ ಮೂಲದವರನ್ನು ಹೀಯಾಳಿಸುವ ಪದ. ರಾಜ್ಮಾದಂಥ ಬೀನ್ಸ್ ಕಾಳು ಅವರ ದಿನನಿತ್ಯದ ಊಟವಾದ್ದರಿಂದ, ಉಣ್ಣುವ ಕಾಳನ್ನೇ ಉಣ್ಣುವವರ ಹೆಸರಾಗಿಸಿ ಆಡಿಕೊಳ್ಳುವುದು ಅದರ ಹುಟ್ಟು. 1942ರಿಂದ 1964ರವರೆಗೆ ‘ಬ್ರಸೇರೋ’ ಎಂಬ ಸರ್ಕಾರಿ ಯೋಜನೆಯಡಿ ಲಕ್ಷಾಂತರ ಮೆಕ್ಸಿಕನ್ನರು ಗಡಿ ದಾಟಿ ಬಂದು ಅಮೆರಿಕದ ಹೊಲ ತೋಟಗಳಲ್ಲಿ ಬೆವರು ಸುರಿಸಿದರು. ಅಂಥವರ ಮಕ್ಕಳು ಮೊಮ್ಮಕ್ಕಳು ಶಾಲೆಯಲ್ಲಿ, ಬೀದಿಯಲ್ಲಿ ಈ ಪದವನ್ನು ಕೇಳಿಸಿಕೊಂಡೇ ದೊಡ್ಡವರಾಗಿದ್ದಾರೆ. 2020ರ ಜನಗಣತಿಯಂತೆ ಆ ದೇಶದಲ್ಲಿ ಹಿಸ್ಪಾನಿಕ್ (ಸ್ಪ್ಯಾನಿಷ್ ಭಾಷಿಕ ಮೂಲದ) ಸಮುದಾಯದವರು ಸುಮಾರು 6.2 ಕೋಟಿ, ಅವರಲ್ಲಿ ಹೆಚ್ಚಿನವರು ಮೆಕ್ಸಿಕೋ ಮೂಲದವರು. ಬಂಡೆ ಹತ್ತುವವರಿಗೆ ಪ್ರಿಯವಾದ ಹ್ವೇಕೋ ಟ್ಯಾಂಕ್ಸ್ ಎಂಬ ಬಂಡೆಗಳ ತಾಣ ಇರುವುದು ಗಡಿಯ ಅಂಚಿನ ಎಲ್ ಪಾಸೋ ನಗರದ ಹತ್ತಿರ. ಚಳಿಗಾಲದಲ್ಲಿ ಅಮೆರಿಕದ ಆರೋಹಿಗಳು ಹಿಂಡುಹಿಂಡಾಗಿ ಹೋಗುವ ಎಲ್ ಪೊತ್ರೇರೋ ಚೀಕೋ ಎಂಬ ಸುಣ್ಣಕಲ್ಲಿನ ಕಮರಿ ಇರುವುದು ಮೆಕ್ಸಿಕೋದಲ್ಲೇ, ಮೊಂತೆರ್ರೇ ನಗರದ ಸಮೀಪ. ಅಲ್ಲಿಯ ಊರವರ ಮುಂದೆ ನಿಂತು ‘ಇನ್ನೆರಡು ಬೀನರ್ ಕೊಡು’ ಎಂದು ಕೂಗುವವನ ಮನಸ್ಸಿನಲ್ಲಿ ಕೊಂಡಿಯೇ ಇರುತ್ತದೆ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಕೇಳಿಸಿಕೊಂಡವನ ಎದೆಗೆ ತಾಗುವುದು ಯಾವುದು ಎಂಬುದನ್ನು ಮಾತ್ರ ಕೂಗಿದವನು ನಿರ್ಧರಿಸಲಾರ. ಸ್ಪ್ಯಾನಿಷ್ ಮಾತಾಡುವ ಆರೋಹಿಗಳಿಗಂತೂ ಈ ತುಂಡುಪದದ ಅಗತ್ಯವೇ ಬಿದ್ದಿಲ್ಲ. ಅವರು ಆ ಕೊಂಡಿಗೆ ‘ಮೊಸ್ಕೆತೋನ್’ ಎನ್ನುತ್ತಾರೆ, ಅದೂ ಒಂದು ಬಗೆಯ ಬಂದೂಕಿನ ಹೆಸರಿನಿಂದಲೇ ಬಂದದ್ದು.

ನಮ್ಮ ಹೊತ್ತಗೆಯ ಮಟ್ಟಿಗೆ ಇನ್ನೊಂದು ತೊಡಕಿದೆ, ಅದನ್ನು ಇಂಗ್ಲಿಷಿನಲ್ಲಿ ಬರೆಯುವವರು ಎದುರಿಸಬೇಕಾಗಿಲ್ಲ. ಇಂಗ್ಲಿಷಿನಲ್ಲಿ ಈ ಎರಡು ಪದಗಳ ಅಕ್ಷರಗಳು ಬೇರೆ ಬೇರೆ. ಕಿವಿಗೆ ಒಂದೇ ಆದರೂ ಕಣ್ಣಿಗೆ ಎರಡು. ಕನ್ನಡ ಲಿಪಿಯಲ್ಲಿ ಎರಡನ್ನೂ ‘ಬೀನರ್’ ಎಂದೇ ಬರೆಯಬೇಕು. ಅಮೆರಿಕದ ಪದಕೋಶಗಳಲ್ಲಿರುವ ಆ ತೆಳುವಾದ ಗೋಡೆಯೂ ನಮ್ಮಲ್ಲಿ ಉಳಿಯುವುದಿಲ್ಲ. ಇಂದು ಈ ಹೊತ್ತಗೆ ಓದುವ ಹುಡುಗಿ ನಾಳೆ ಓದಿಗೋ ಉದ್ಯೋಗಕ್ಕೋ ಟೆಕ್ಸಾಸಿಗೆ ಹೋಗಿ, ಅಲ್ಲಿಯ ಕ್ಲೈಂಬಿಂಗ್ ಜಿಮ್ಮಿನಲ್ಲಿ ಹಗ್ಗ ಕಟ್ಟಿಕೊಳ್ಳುವುದು ಈ ನಗರದ ಮಕ್ಕಳ ವಿಷಯದಲ್ಲಿ ದೂರದ ಮಾತಲ್ಲ.

ಪದವನ್ನು ಬಿಡಬಾರದೆನ್ನುವ ನನ್ನ ಗೆಳೆಯರ ವಾದ ಹಗುರವಾದದ್ದಲ್ಲ. ಶಬ್ದದ ಹೋಲಿಕೆಯಿಂದಲೇ ಪದಗಳನ್ನು ಅಪರಾಧಿಯಾಗಿಸಿದರೆ ಎಲ್ಲಿಗೆ ಮುಟ್ಟುತ್ತೇವೆ ಎಂದು ಅವರು ಕೇಳುತ್ತಾರೆ, ಮತ್ತು ಅದಕ್ಕೆ ಉದಾಹರಣೆಗಳೂ ಇವೆ. 1999ರ ಜನವರಿಯಲ್ಲಿ ವಾಷಿಂಗ್ಟನ್ ನಗರದ ಮೇಯರ್ ಆಂಟನಿ ವಿಲಿಯಮ್ಸ್ ಅವರ ಸಹಾಯಕರೊಬ್ಬರು ಹಣಕಾಸಿನ ಮಾತು ಬಂದಾಗ ಜಿಪುಣತನವನ್ನು ಸೂಚಿಸುವ ‘ನಿಗರ್ಡ್ಲಿ’ ಎಂಬ ಹಳೆಯ ಇಂಗ್ಲಿಷ್ ಪದವನ್ನು ಬಳಸಿದರು. ಕಪ್ಪು ಜನರನ್ನು ನಿಂದಿಸುವ ಪದಕ್ಕೂ ಅದಕ್ಕೂ ಮೂಲದಲ್ಲಿ ಯಾವ ನಂಟೂ ಇಲ್ಲದಿದ್ದರೂ ಗದ್ದಲವೆದ್ದು ಅವರು ರಾಜೀನಾಮೆ ಕೊಟ್ಟರು. ಆಮೇಲೆ ಅವರನ್ನು ಮತ್ತೆ ಕೆಲಸಕ್ಕೆ ಕರೆಯಲಾಯಿತು. 2020ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೊಬ್ಬರು, ಮಾತಿನ ನಡುವೆ ತಡವರಿಸುವಾಗ ಚೀನೀಯರು ಆಡುವ ‘ನೇಗ’ ಎಂಬ ಪದವನ್ನು ಪಾಠದಲ್ಲಿ ಉದಾಹರಿಸಿದ್ದಕ್ಕೆ ಆ ತರಗತಿಯಿಂದ ಸರಿಯಬೇಕಾಯಿತು; ವಿಚಾರಣೆಯಲ್ಲಿ ಅವರದು ತಪ್ಪಿಲ್ಲವೆಂದು ಕಂಡುಬಂತು. ನಮ್ಮ ಓದುಗರಿಗೆ ಇವೆರಡಕ್ಕಿಂತ ಚೆನ್ನಾಗಿ ನೆನಪಿರುವುದು 2008ರ ಜನವರಿಯ ಸಿಡ್ನಿ ಟೆಸ್ಟ್. ಅನಿಲ್ ಕುಂಬ್ಳೆ ನಾಯಕರಾಗಿದ್ದ ಆ ಪಂದ್ಯದಲ್ಲಿ ಹರ್ಭಜನ್ ಸಿಂಗ್ ತಮ್ಮನ್ನು ಮಂಗವೆಂದು ಕರೆದರೆಂಬುದು ಆ್ಯಂಡ್ರೂ ಸೈಮಂಡ್ಸ್ ಅವರ ಕಡೆಯ ದೂರು; ಆಡಿದ್ದು ಹಿಂದಿಯ ಒಂದು ಬೈಗುಳ, ಅದು ಇಂಗ್ಲಿಷ್ ಕಿವಿಗೆ ‘ಮಂಕಿ’ ಎಂದು ಕೇಳಿಸಿರಬೇಕು ಎಂಬುದು ಭಾರತದ ಕಡೆಯ ಉತ್ತರ. ಮೇಲ್ಮನವಿ ಆಲಿಸಿದ ನ್ಯೂಜಿಲೆಂಡಿನ ನ್ಯಾಯಮೂರ್ತಿ ಜಾನ್ ಹ್ಯಾನ್ಸನ್ ಜನಾಂಗ ನಿಂದನೆಯ ಆರೋಪವನ್ನು ಕೈಬಿಟ್ಟು, ಮೂರು ಟೆಸ್ಟ್‌ಗಳ ನಿಷೇಧವನ್ನು ತೆಗೆದು, ಪಂದ್ಯದ ಶುಲ್ಕದ ಅರ್ಧದಷ್ಟು ದಂಡವನ್ನು ಮಾತ್ರ ವಿಧಿಸಿದರು.

ಈ ಮೂರು ಪ್ರಸಂಗಗಳಿಂದ ನಾನು ಒಪ್ಪುವ ಮಾತೊಂದಿದೆ: ಕೇಳಿಸಿದ ಸದ್ದನ್ನಷ್ಟೇ ಆಧಾರ ಮಾಡಿ ಆಡಿದವರನ್ನು ಶಿಕ್ಷಿಸುವುದು ಅನ್ಯಾಯ. ‘ಬೀನರ್’ ಎಂದ ಯಾವ ಆರೋಹಿಯನ್ನೂ ಜನಾಂಗದ್ವೇಷಿ ಎನ್ನಬಾರದು. ಆದರೆ ಶಿಕ್ಷೆ ಬೇಡವೆಂದ ಮಾತ್ರಕ್ಕೆ ಪದ ಉಳಿಯಲೇಬೇಕೆಂದು ಆಗುವುದಿಲ್ಲ. ಆಡಿದವರು ತಪ್ಪಿತಸ್ಥರೇ ಎಂಬುದು ಒಂದು ಪ್ರಶ್ನೆ, ಮುಂದೆ ಏನನ್ನು ಆಡೋಣ ಎಂಬುದು ಇನ್ನೊಂದು. ಎರಡನ್ನೂ ಒಂದೇ ಕಟ್ಟಿಗೆ ಹಾಕಿದ್ದರಿಂದಲೇ ವಾಷಿಂಗ್ಟನ್ನಿನಲ್ಲಿ ಅಷ್ಟು ಗೊಂದಲವಾಯಿತೆಂದು ನನಗೆ ತೋರುತ್ತದೆ.

ಅರ್ಥವಿಲ್ಲದೆ ಬರಿಯ ಸದ್ದು ನೋಯಿಸಲಾರದು ಎಂಬ ಮಾತನ್ನು ಬೇರೆ ಯಾರಾದರೂ ಆಡಬಹುದು, ಮುಂಬಯಿಯ ಕನ್ನಡಿಗರು ಆಡಲಾರರು. 1960ರ ದಶಕದಲ್ಲಿ ಈ ನಗರದ ಬೀದಿಗಳಲ್ಲಿ ದಕ್ಷಿಣದವರ ವಿರುದ್ಧ ಲುಂಗಿಯನ್ನು ಹೆಸರಿಸಿ ಘೋಷಣೆ ಕೂಗಿದ್ದನ್ನು ನಮ್ಮ ಹಿರಿಯರು ಕೇಳಿದ್ದಾರೆ. ಹಗಲು ಉಡುಪಿ ಹೋಟೆಲುಗಳಲ್ಲಿ ದುಡಿದು ರಾತ್ರಿ ಶಾಲೆಗಳಲ್ಲಿ ಓದಿದ ಆ ತಲೆಮಾರಿಗೆ ಲುಂಗಿ, ಇಡ್ಲಿಗಳ ಅಣಕಕ್ಕಿಂತಲೂ ಹೆಚ್ಚು ಚುಚ್ಚಿದ್ದು ‘ಯಂಡುಗುಂಡು’ ಎಂಬ ಮಾತು. ಆ ಪದಕ್ಕೆ ಕನ್ನಡದಲ್ಲಾಗಲಿ, ತುಳು ತಮಿಳುಗಳಲ್ಲಾಗಲಿ, ಮರಾಠಿಯಲ್ಲಾಗಲಿ ಅರ್ಥವಿಲ್ಲ. ನಮ್ಮ ನುಡಿಗಳು ಪರರ ಕಿವಿಗೆ ಹೀಗೆ ಕೇಳುತ್ತವೆ ಎಂದು ತೋರಿಸಲು ಕಟ್ಟಿದ ಬರಿಯ ಸದ್ದು ಅದು. ನನ್ನ ತಂದೆಯವರು ಲೋಕಲ್ ರೈಲಿನಲ್ಲಿ ಊರಿನವರೊಡನೆ ತುಳುವಿನಲ್ಲಿ ಮಾತನಾಡುತ್ತಿದ್ದವರು, ಎದುರಿನ ಬೆಂಚಿನಿಂದ ಆ ಸದ್ದು ಕೇಳಿಬಂದರೆ ಮಾತು ನಿಲ್ಲಿಸಿ ಕಿಟಕಿಯಾಚೆ ನೋಡುತ್ತಿದ್ದರು. ಕಾಲ ಬದಲಾಗಿದೆ. ಇಂದು ಮುಂಬ್ರಾದ ಬಂಡೆಯ ಮೇಲೆ, ಖಂಡಾಲಾದ ನಾಗಫಣಿಯ ಮೇಲೆ ನನ್ನ ಹಗ್ಗದ ಇನ್ನೊಂದು ತುದಿಯನ್ನು ಹಿಡಿದಿರುವವರು ಮರಾಠಿ ಗೆಳೆಯರೇ, ಮತ್ತು ಆ ಪದವನ್ನು ಅವರ ಬಾಯಲ್ಲಿ ನಾನು ಕೇಳಿಲ್ಲ. ಆದರೂ ಅದೇ ಸದ್ದಿನ ಯಾವುದಾದರೊಂದು ಸಲಕರಣೆ ನಾಳೆ ಮಾರುಕಟ್ಟೆಗೆ ಬಂದರೆ, ಅದರ ಹೆಸರನ್ನು ದಿನವಿಡೀ ಕೂಗುವುದನ್ನು ಕೇಳುತ್ತ ಕೆಲಸ ಮಾಡುವುದು ನನಗೆ ಸುಲಭವಾಗಿರುವುದಿಲ್ಲ. ಅದರ ವ್ಯುತ್ಪತ್ತಿಯನ್ನು ಯಾರಾದರೂ ಎಷ್ಟೇ ಚೆನ್ನಾಗಿ ವಿವರಿಸಿದರೂ ಸುಲಭವಾಗದು. ಮೆಕ್ಸಿಕನ್ ಆರೋಹಿಯ ಇಕ್ಕಟ್ಟು ನನಗೆ ತಿಳಿಯುವುದು ಈ ದಾರಿಯಿಂದ.

ಹಾಗಾದರೆ ಗಡಿ ಎಲ್ಲಿ? ಇದಕ್ಕೆ ನಮ್ಮದೇ ‘ಕೂಲಿ’ ಒಳ್ಳೆಯ ಪರೀಕ್ಷೆ. ಕನ್ನಡದಲ್ಲಿ ಅದು ದುಡಿಮೆಯ ಪ್ರತಿಫಲ, ಮರ್ಯಾದೆಯ ಮಾತು. ದಕ್ಷಿಣ ಆಫ್ರಿಕದಲ್ಲಿ ಅದು ಭಾರತೀಯರನ್ನು ತುಳಿಯುವ ಬೈಗುಳವಾಯಿತು. 1893ರಲ್ಲಿ ಅಲ್ಲಿಗೆ ಹೋದ ಗಾಂಧೀಜಿಯವರನ್ನು ‘ಕೂಲಿ ಬ್ಯಾರಿಸ್ಟರ್’ ಎಂದರು. ಅದಕ್ಕಾಗಿ ರಾಯಚೂರಿನ ಹೊಲದಲ್ಲಿ ಯಾರೂ ಕೂಲಿ ಎಂಬ ಪದವನ್ನು ಬಿಡಬೇಕಾಗಿಲ್ಲ, ಬಿಡಲು ಬರುವುದೂ ಇಲ್ಲ, ಏಕೆಂದರೆ ಅದು ತಾಯಿನುಡಿಯ ಬೇರಿಗೆ ಸೇರಿದ ಪದ. ಚೀನೀಯರ ‘ನೇಗ’ ಕೂಡ ಅಂಥದ್ದೇ. ‘ಬೀನರ್’ ಹಾಗಲ್ಲ. ಅದು ಯಾವ ಭಾಷೆಯ ಬೇರಿನಲ್ಲೂ ಇಲ್ಲದ, ಉದ್ದದ ಹೆಸರನ್ನು ಅವಸರದಲ್ಲಿ ಕತ್ತರಿಸಿದಾಗ ಉಳಿದ ತುಂಡು. ಪೂರ್ತಿ ಹೆಸರು ಪಕ್ಕದಲ್ಲೇ ಇದೆ, ಎಲ್ಲರಿಗೂ ಗೊತ್ತಿದೆ, ತಯಾರಕರೂ ಗುಣಮಟ್ಟದ ಸಂಸ್ಥೆಗಳೂ ಅದನ್ನೇ ಬಳಸುತ್ತಾರೆ. ಬಿಟ್ಟರೆ ಯಾರ ನುಡಿಯೂ ಬಡವಾಗುವುದಿಲ್ಲ. ಬಿಡುವುದಕ್ಕೆ ಇಷ್ಟು ಕಡಿಮೆ ಬೆಲೆ ತೆರಬೇಕಾದ ಪದ ಶಿಲಾರೋಹಣದಲ್ಲಿ ಇನ್ನೊಂದಿದ್ದರೆ ನನಗೆ ತಿಳಿಯದು.

ಚಿಕ್ಕ ಪದವಾದರೆ ಬಂಡೆಯ ಮೇಲೆ ಕೂಗಲು ಅನುಕೂಲ ಎಂಬ ವಾದವನ್ನೂ ಕೇಳಿದ್ದೇನೆ. ಹಗ್ಗ ಸಡಿಲಿಸು, ಬಿಗಿ ಮಾಡು, ಕಲ್ಲು ಬೀಳುತ್ತಿದೆ ಎಂಬ ಕೂಗುಗಳು ಚಿಕ್ಕದಾಗಿಯೇ ಇರಬೇಕು, ಅರೆಕ್ಷಣದಲ್ಲಿ ಮುಟ್ಟಬೇಕು. ಕ್ಯಾರಬಿನರ್ ಕೇಳುವುದು ಹೆಚ್ಚಾಗಿ ಬುಡದಲ್ಲಿ ಸಲಕರಣೆ ಹಂಚಿಕೊಳ್ಳುವಾಗ, ಇಲ್ಲವೆ ಬಂಡೆಯ ಮೇಲಿನ ನಿಲುಗಡೆಯಲ್ಲಿ ಪಕ್ಕದಲ್ಲೇ ನಿಂತವರಿಂದ. ಅಲ್ಲಿ ಎರಡು ಅಕ್ಷರ ಹೆಚ್ಚಾದರೆ ಅಪಾಯವಿಲ್ಲ.

ಅಲ್ಲದೆ ಪದವೊಂದನ್ನು ಪರಭಾಷೆಯ ಕಿವಿಯಲ್ಲಿಟ್ಟು ನೋಡುವ ಕೆಲಸವನ್ನು ನಾವು ಈಗಾಗಲೇ ಮಾಡುತ್ತಿದ್ದೇವೆ. ಇಂಗ್ಲಿಷ್ ಹೆಸರೇ ಬೇಡ, ಮರಾಠಿಯ ‘ಕಡೀ’ ಎಂಬ ಪದವನ್ನೇ ಶಿಬಿರದಲ್ಲಿ ಎಲ್ಲರೂ ಬಳಸೋಣ ಎಂಬ ಸಲಹೆ ಮೊದಲ ಸಭೆಯಲ್ಲಿ ಬಂದಿತ್ತು. ಕೊಂಡಿ, ಚಿಲಕ ಎಂಬ ಅರ್ಥದ ಸೊಗಸಾದ ಪದ. ಆದರೆ ಹಗ್ಗದಲ್ಲಿ ತೂಗುತ್ತಿರುವಾಗ ಮೇಲಿನಿಂದ ‘ಕಡಿ’ ಎಂದು ಕೇಳಿಸಿದರೆ ಕನ್ನಡದ ಮಗು ಏನೆಂದುಕೊಂಡೀತು ಎಂದು ಒಬ್ಬ ತಾಯಿ ಕೇಳಿದ ಕೂಡಲೇ, ಸಲಹೆ ಕೊಟ್ಟ ಮರಾಠಿ ಗೆಳೆಯರು ಅದನ್ನು ಹಿಂದಕ್ಕೆ ಪಡೆದರು. ಯಾರಿಗೂ ಅವಮಾನವಾಗಲಿಲ್ಲ, ಮರಾಠಿಯ ಮೇಲೆ ಯಾರೂ ಆರೋಪ ಹೊರಿಸಲಿಲ್ಲ. ನಮ್ಮ ಮಕ್ಕಳ ಕಿವಿಗೆ ನಾವು ಬೇಡಿಕೊಂಡ ಮತ್ತು ಪಡೆದ ಈ ಸೌಜನ್ಯವನ್ನು ಮೆಕ್ಸಿಕೋದವರ ಕಿವಿಗೆ ಏಕೆ ಕೊಡಬಾರದು?

ಪರ್ವತಾರೋಹಣದ ನುಡಿ ಬದಲಾಗದ ನುಡಿಯೂ ಅಲ್ಲ. 1922ರ ಎವರೆಸ್ಟ್ ದಂಡಯಾತ್ರೆಯಲ್ಲಿ, ಜೂನ್ 7ರಂದು ನಾರ್ತ್ ಕೋಲ್ ಎಂಬ ಎತ್ತರದ ಕಣಿವೆದಾರಿಯ ಕೆಳಗಿನ ಇಳಿಜಾರಿನಲ್ಲಿ ಹಿಮ ಕುಸಿದು ಏಳು ಮಂದಿ ಹೊರೆಯಾಳುಗಳು ಸತ್ತರು. ಆ ಕಾಲದ ಇಂಗ್ಲಿಷ್ ಬರಹಗಳಲ್ಲಿ ಅಂಥವರನ್ನು ‘ಕೂಲೀಸ್’ ಎಂದೇ ಕರೆಯುವುದು ರೂಢಿಯಾಗಿತ್ತು. ಇಂದು ಯಾವ ಹಿಮಾಲಯದ ತಂಡವೂ ಹಾಗೆ ಬರೆಯುವುದಿಲ್ಲ, ಮತ್ತು ಆ ಪದ ಹೋದದ್ದರಿಂದ ಪರ್ವತಾರೋಹಣಕ್ಕೆ ಏನೋ ಕೊರತೆಯಾಯಿತೆಂದು ಯಾರೂ ದೂರಿಲ್ಲ. ಈಚೆಗೆ ಅಮೆರಿಕದ ವಯೋಮಿಂಗ್ ರಾಜ್ಯದ ಟೆನ್ ಸ್ಲೀಪ್ ಕಮರಿಯಲ್ಲಿ ಗುಲಾಮಗಿರಿಯ ಹೆಸರಿಟ್ಟಿದ್ದ ಬಂಡೆಗೋಡೆಯ ಹೆಸರನ್ನು ಬದಲಿಸಿದರು. ಅಲ್ಲಿನ ಮೂಲನಿವಾಸಿ ಹೆಂಗಸರನ್ನು ಹೀಯಾಳಿಸುವ ಪದವನ್ನು ಹೊತ್ತಿದ್ದ ಕ್ಯಾಲಿಫೋರ್ನಿಯಾದ ಪ್ರಸಿದ್ಧ ಸ್ಕೀ ಕೇಂದ್ರವೊಂದು 2021ರಲ್ಲಿ ಪ್ಯಾಲಿಸೇಡ್ಸ್ ಟಾಹೋ ಆಯಿತು. ಮರುವರ್ಷ ಅಮೆರಿಕ ಸರ್ಕಾರ ಅದೇ ಪದವಿದ್ದ ಸುಮಾರು 650 ಸ್ಥಳಗಳ ಹೆಸರನ್ನು ಬದಲಿಸಿತು. ಇವುಗಳಲ್ಲಿ ಪದದ ಅರ್ಥವೇ ನಿಂದನೆಯಾಗಿತ್ತು, ‘ಬೀನರ್’ನಲ್ಲಿ ಹಾಗಿಲ್ಲ, ಆದ್ದರಿಂದ ಎರಡನ್ನೂ ಸಮವೆಂದು ನಾನು ಹೇಳುತ್ತಿಲ್ಲ. ಅಷ್ಟು ದೊಡ್ಡ ಬದಲಾವಣೆಗಳೇ ಸಾಧ್ಯವಾದ ಕ್ಷೇತ್ರದಲ್ಲಿ ಒಂದು ತುಂಡುಪದವನ್ನು ಬಿಡುವುದು ಅಸಾಧ್ಯವೆನ್ನಲು ಕಾರಣ ಕಾಣುತ್ತಿಲ್ಲ ಎಂದಷ್ಟೇ ನನ್ನ ಮಾತು.

ಸಾವಿರಾರು ಮೈಲಿಯಾಚೆಯ ನೋವಿಗೆ ಇಷ್ಟು ಕಾಳಜಿ ತೋರಿಸುವ ಮೊದಲು ನಮ್ಮ ಬಂಡೆಗಳ ಮೇಲೆ ಕೇಳಿಸುವುದನ್ನು ತಿದ್ದಿಕೊಳ್ಳಿ ಎಂದು ಹಿರಿಯ ಆರೋಹಿಯೊಬ್ಬರು ನನಗೆ ಹೇಳಿದರು. ಅವರ ಮಾತನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ, ಒಂದನ್ನು ಮಾಡಿದರೆ ಇನ್ನೊಂದನ್ನು ಮಾಡಬಾರದೆಂಬುದನ್ನು ಮಾತ್ರ ಒಪ್ಪುವುದಿಲ್ಲ. ಹೆದರಿ ಅರ್ಧದಲ್ಲಿ ನಿಂತ ಹುಡುಗನಿಗೆ ‘ಬಳೆ ತೊಟ್ಟುಕೋ’ ಎಂದು ಕೆಳಗಿನಿಂದ ಕೂಗುವುದು ಕನ್ನಡದಲ್ಲೂ ಇದೆ, ಮರಾಠಿಯಲ್ಲೂ ಇದೆ. ಅದೇ ಬಂಡೆಯ ಬುಡದಲ್ಲಿ ತನ್ನ ಸರದಿಗಾಗಿ ಕಾಯುತ್ತಿರುವ ಹುಡುಗಿ ಅದನ್ನು ಕೇಳಿಸಿಕೊಳ್ಳುತ್ತಾಳೆ. ಅಮೆರಿಕದ ಯೊಸೆಮಿಟಿಯ ಎಲ್ ಕ್ಯಾಪಿಟನ್ ಬಂಡೆಯ ‘ನೋಸ್’ ಮಾರ್ಗವನ್ನು, ಹಗ್ಗವನ್ನು ಬಿದ್ದರೆ ಹಿಡಿಯಲಷ್ಟೇ ಇಟ್ಟುಕೊಂಡು, ಹತ್ತಲು ಸಲಕರಣೆಯ ಆಸರೆಯಿಲ್ಲದೆ, ಕೈಕಾಲಿನ ಬಲದಿಂದಲೇ ಮೊಟ್ಟಮೊದಲು ಪೂರ್ತಿ ಹತ್ತಿದವರು ಲಿನ್ ಹಿಲ್ ಎಂಬ ಮಹಿಳೆ, 1993ರಲ್ಲಿ. ಅಲ್ಲಿಯವರೆಗೆ ಯಾವ ಪುರುಷನಿಗೂ ಅದು ಆಗಿರಲಿಲ್ಲ. ಈಶಾನ್ಯ ರಾಜ್ಯಗಳಿಂದ ಓದಲು ಬಂದು ನಮ್ಮೊಡನೆ ಹತ್ತುವ ಯುವಕರ ಕಣ್ಣು ಮೂಗಿನ ಮೇಲೆ ಅಡ್ಡಹೆಸರಿಡುವುದೂ ನಿಂತಿಲ್ಲ. ಇಂಥವು ಸದ್ದಿನ ಹೋಲಿಕೆಯಲ್ಲ, ಗೊತ್ತಿದ್ದೇ ಆಡುವ ಅವಮಾನ. ಇವುಗಳ ವಿಷಯದಲ್ಲಿ ಹೊತ್ತಗೆ ಮೃದುವಾಗಿರಬೇಕಿಲ್ಲ: ಶಿಬಿರದಲ್ಲಿ ಇಂಥ ಮಾತಾಡಿದವರನ್ನು ಆ ದಿನ ಹಗ್ಗದಿಂದ ದೂರವಿಡಬೇಕೆಂದು ನಾನು ಸೂಚಿಸಿದ್ದೇನೆ.

‘ಬೀನರ್’ ಬಗ್ಗೆ ಹೊತ್ತಗೆಯಲ್ಲಿ ನಾನು ಬರೆಯಬೇಕೆಂದಿರುವುದು ಇಷ್ಟೇ. ಪಾಠದುದ್ದಕ್ಕೂ ‘ಕ್ಯಾರಬಿನರ್’ ಎಂಬ ಪೂರ್ತಿ ಹೆಸರಿರಲಿ. ಮಕ್ಕಳು ವಿಡಿಯೊಗಳಲ್ಲಿ ತುಂಡುಪದವನ್ನು ಕೇಳಿಯೇ ಕೇಳುತ್ತಾರಾದ್ದರಿಂದ ಅದನ್ನು ಮುಚ್ಚಿಡುವುದು ಬೇಡ. ಹೀಗೊಂದು ಪದವಿದೆ, ಅದರ ಉಚ್ಚಾರ ಒಂದು ಸಮುದಾಯವನ್ನು ನೋಯಿಸುವ ಪದದ ಉಚ್ಚಾರವೇ ಆಗಿದೆ, ಆದ್ದರಿಂದ ನಾವು ಬಳಸುವುದಿಲ್ಲ ಎಂದು ಮೂರು ಸಾಲಿನ ಟಿಪ್ಪಣಿಯಿರಲಿ. ಬಾಯಿತಪ್ಪಿ ಆಡಿದ ಮಗುವನ್ನು ಯಾರೂ ಗದರಬಾರದು.

ಇದರೊಡನೆ ತಮ್ಮ ಓದುಗರಲ್ಲಿ ಒಂದು ಬೇಡಿಕೆಯಿದೆ. ಪೂರ್ತಿ ಹೆಸರು ಉದ್ದವಾಯಿತೆನ್ನುವ ಮಕ್ಕಳಿಗೆ ‘ಕೊಂಡಿ’ ಎಂಬ ಪದವನ್ನು ಕೊಡಬಹುದೆಂದು ನಮ್ಮಲ್ಲಿ ಕೆಲವರ ಯೋಚನೆ. ಗೇಟಿಗೆ ಸ್ಕ್ರೂ ಇರುವ ಬಗೆಯನ್ನು ಸಾದಾ ಬಗೆಯಿಂದ ಬೇರ್ಪಡಿಸಿ ಹೇಳುವ ಪದ ಮಾತ್ರ ಇನ್ನೂ ಸಿಕ್ಕಿಲ್ಲ, ಮತ್ತು ಅವೆರಡೂ ಅದಲುಬದಲಾದರೆ ಅಪಾಯ. ಕರಾವಳಿಯ ದೋಣಿಗಳಲ್ಲಿ, ಬಾವಿಯ ಹಗ್ಗದಲ್ಲಿ, ಎತ್ತಿನ ಕಣ್ಣಿಯಲ್ಲಿ, ಮರ ಸಾಗಿಸುವ ಸರಪಳಿಯಲ್ಲಿ ಬಳಸುತ್ತಿದ್ದ ಬಗೆಬಗೆಯ ಕೊಕ್ಕೆ ಕೊಂಡಿಗಳ ಹೆಸರು ಬಲ್ಲ ಹಿರಿಯರು ನಮ್ಮ ನಗರದಲ್ಲಿ ಬಹಳ ಮಂದಿ ಇದ್ದಾರೆ. ಅಂಥ ಪದಗಳು ಗೊತ್ತಿದ್ದವರು, ತಾವು ಕೇಳಿದ ಊರಿನ ಹೆಸರಿನೊಡನೆ, ಈ ಅಂಕಣಕ್ಕೆ ದಸರೆಯೊಳಗೆ ಬರೆದು ಕಳಿಸಿದರೆ, ಕರಡು ಅಚ್ಚಿಗೆ ಹೋಗುವ ಮುನ್ನ ಸೇರಿಸಲು ನಮಗೆ ಸಾಧ್ಯವಾಗುತ್ತದೆ.

ಇತಿ ತಮ್ಮ ವಿಶ್ವಾಸಿ,
ಓರ್ವ ಶಿಲಾರೋಹಿ,
ಡೊಂಬಿವಲಿ (ಪೂರ್ವ)